ಒಂದು ಮಿಲಿಮೀಟರ್ ಹೆಚ್ಚು

ಇಪ್ಪತ್ತೆರಡು ವರ್ಷಗಳಲ್ಲಿ ಒಕ್‌ಬುನ್ ಕಾಗದವನ್ನು ತಪ್ಪಾಗಿ ಕತ್ತರಿಸಿದ್ದು ಒಂದೇ ಸಲ. ಆ ತಪ್ಪನ್ನು ಅವಳು ಮನೆಯ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟುಕೊಂಡಿದ್ದಳು.

ದಕ್ಷಿಣ ಕೊರಿಯಾದ ಮೊಕ್ಪೊ ಬಂದರಿನ ಹಿಂದಿನ ಓಣಿಯಲ್ಲಿ, ಒಣಮೀನಿನ ಅಂಗಡಿಗಳ ಸಾಲು ಮುಗಿಯುವಲ್ಲಿ ಬೊಂಗ್ ಎಂಬವನ ಪುಟ್ಟ ಮುದ್ರಣಾಲಯವಿತ್ತು. ಕಡಲಪಾಚಿಯ ಕಟ್ಟಿಗೆ ಅಂಟಿಸುವ ಚೀಟಿ, ಮದುವೆಯ ಕರೆಯೋಲೆ, ಕ್ರೈಸ್ತ ಸಭೆಯ ವಾರದ ಪತ್ರ, ಏನೇ ಅಚ್ಚಾಗಲಿ, ಕೊನೆಗೆ ಕತ್ತರಿಸುವ ಯಂತ್ರಕ್ಕೆ ಬರಬೇಕಿತ್ತು. ಆ ಯಂತ್ರದ ಮುಂದೆ ನಿಲ್ಲುತ್ತಿದ್ದವಳು ಒಕ್‌ಬುನ್. ವಯಸ್ಸು ಐವತ್ತೊಂಬತ್ತು. ಗಂಡ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಾಗದದ ಕಟ್ಟನ್ನು ಕುಟ್ಟಿ ಅಂಚು ಸಮ ಮಾಡಿ, ಉಕ್ಕಿನ ಅಳತೆಪಟ್ಟಿಯನ್ನು ಎರಡು ಸಲ ಇಟ್ಟು ನೋಡಿ, ಸಮಾಧಾನವಾಗದೆ ಮೂರನೆಯ ಸಲವೂ ಇಟ್ಟು ನೋಡಿ, ಆಮೇಲೆ ಕತ್ತಿಯ ಹಿಡಿಯನ್ನು ಇಳಿಸುತ್ತಿದ್ದಳು. "ಅಕ್ಕೋರೆ, ಅದು ಕಾಗದ, ನಿಮ್ಮ ಅತ್ತೆ ಅಲ್ಲ, ಅಷ್ಟು ಹೆದರಬೇಡಿ" ಎಂದು ಬೊಂಗ್ ಗೇಲಿ ಮಾಡುತ್ತಿದ್ದ. ಅವಳು ಹೆದರುವುದನ್ನು ಬಿಡುತ್ತಿರಲಿಲ್ಲ.

ಓದು ಬರಹ ಕಲಿತದ್ದು ತಡವಾಗಿ, ಮೂವತ್ತೈದು ದಾಟಿದ ಮೇಲೆ. ಬೆಟ್ಟದ ಬುಡದ ಸಭೆಯ ನೆಲಮಾಳಿಗೆಯಲ್ಲಿ ಸಭಾಪಾಲಕರಾದ ಗಿಲ್ ಅಯ್ಯನವರು ಸಂಜೆಯ ತರಗತಿ ನಡೆಸುತ್ತಿದ್ದರು. ಅವರೇ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವರು, ಅವರೇ ಅಳತೆ ಓದಲು ಕಲಿಸಿದವರು, ಗಂಡನನ್ನು ಮಣ್ಣು ಮಾಡುವಾಗ ತಲೆಯ ಬಳಿ ನಿಂತು ಪ್ರಾರ್ಥಿಸಿದವರೂ ಅವರೇ. ಎಲ್ಲವೂ ದೇವರಿಗೆ ಮೊದಲೇ ಗೊತ್ತು, ಅವನು ಅರಿಯದೆ ಏನೊಂದೂ ನಡೆಯುವುದಿಲ್ಲ ಎಂಬ ಪಾಠವನ್ನೂ ಅದೇ ಕಪ್ಪು ಹಲಗೆಯ ಮುಂದೆ ಕಲಿತಳು. ಸದಾ ಅಳುಕುವ ಹೆಂಗಸಿಗೆ ಆ ಪಾಠ ಬೆನ್ನಿಗೆ ಗೋಡೆ ಸಿಕ್ಕಂತಾಗಿತ್ತು.

ಹೊಸ ವರ್ಷದ ಮೊದಲ ಭಾನುವಾರ ಸಭೆಯ ಪ್ರತಿಯೊಬ್ಬರಿಗೂ ಬೈಬಲಿನ ಒಂದು ವಾಕ್ಯ ಅಚ್ಚಾದ ಕಾರ್ಡು ಸಿಗುತ್ತಿತ್ತು. ಯಾರಿಗೆ ಯಾವ ವಾಕ್ಯ ಬಂತೋ ಆ ವರ್ಷ ಪೂರ್ತಿ ಅದು ಅವರಿಗೆ ದೇವರ ಮಾತು. ಮೊದಲೆಲ್ಲ ಜನರೇ ಬಿದಿರಿನ ಬುಟ್ಟಿಗೆ ಕೈ ಹಾಕುತ್ತಿದ್ದರು. ಕೆಲವು ಹೆಂಗಸರು ಒಂದನ್ನು ತೆಗೆದು, ಬಗ್ಗಿಸಿ ನೋಡಿ, ಮನಸ್ಸಿಗೆ ಬಾರದಿದ್ದರೆ ಹಿಂದಕ್ಕೆ ಹಾಕಿ, ಒಳ್ಳೆಯದು ಸಿಗುವ ತನಕ ಮೀನು ಆರಿಸಿದ ಹಾಗೆ ಆರಿಸುತ್ತಿದ್ದರು. ಅದನ್ನು ಕಂಡು ಬೇಸತ್ತ ಗಿಲ್ ಅಯ್ಯನವರು ತಾವೇ ಕಣ್ಣು ಮುಚ್ಚಿ ತೆಗೆದುಕೊಡುವ ಪದ್ಧತಿ ಮಾಡಿದರು. ಜನ ಸಾಲಾಗಿ ಬಂದು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಕಾರ್ಡುಗಳನ್ನು ಕತ್ತರಿಸುವ ಭಾಗ್ಯ ಪ್ರತಿ ವರ್ಷವೂ ಒಕ್‌ಬುನ್‌ಳದು.

ಮೂರು ವರ್ಷದ ಹಿಂದೆ, ಡಿಸೆಂಬರಿನಲ್ಲಿ ತಂಗಿ ಯೊನ್‌ಸಿಲ್ ಸೊಕ್ಚೊದಿಂದ ಫೋನ್ ಮಾಡಿದ್ದಳು. ದೇಶದ ಆಚೆ ತುದಿಯ ಕಡಲೂರು ಅದು. ಗಂಡನಿಲ್ಲದ ಯೊನ್‌ಸಿಲ್ ಅಲ್ಲಿ ಸ್ಕ್ವಿಡ್ ಮೀನು ಸೀಳುವ ಕೆಲಸ ಮಾಡಿಕೊಂಡಿದ್ದಳು. ಯಕೃತ್ತು ಕೆಟ್ಟು ಕಣ್ಣು ಹಳದಿಯಾಗಿತ್ತು.

"ಅಕ್ಕಾ, ಬಂದು ಇರ್ತೀಯಾ? ಬಹಳ ದಿನ ಏನಲ್ಲ, ಚಳಿ ಕಳೆಯೋವರೆಗೆ. ನನ್ನ ಕೈಯಲ್ಲಿ ಗಂಜಿ ಕಾಸೋಕೂ ಆಗ್ತಿಲ್ಲ."

ಬರುತ್ತೇನೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಕ್‌ಬುನ್ ಯಾವುದನ್ನೂ ಒಂದೇ ಸಲಕ್ಕೆ ಅಳೆದವಳಲ್ಲ. ಭಾನುವಾರಗಳಂದು ಸಭೆಯ ಅಡುಗೆಮನೆಯಲ್ಲಿ ನೂರೈವತ್ತು ಜನಕ್ಕೆ ಬೇಯಿಸುತ್ತಿದ್ದವಳು ಅವಳು. ಬಿಟ್ಟು ಹೋಗುವುದು ಸರಿಯೇ? ಅಯ್ಯನವರಿಗೆ ವಿಷಯ ತಿಳಿಸಿ, ಹೊಸ ವರ್ಷದ ವಾಕ್ಯ ಬರಲಿ, ದೇವರೇ ಹೇಳಲಿ ಎಂದು ಕಾದಳು. ವಾಕ್ಯ ಬಂತು. ಇರುವ ನೆಲದಲ್ಲೇ ನಿಲ್ಲು, ಬಿಟ್ಟು ಹೋಗಬೇಡ, ಅಲ್ಲೇ ನಾನು ನಿನ್ನ ಜೊತೆಗಿರುತ್ತೇನೆ ಎಂಬ ಅರ್ಥದ ವಾಕ್ಯ. ಕಾರ್ಡನ್ನು ಬೆರಳಲ್ಲಿ ಹಿಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಆ ಕಾರ್ಡು ಉಳಿದವುಗಳಿಗಿಂತ ಒಂದು ಮಿಲಿಮೀಟರ್ ಉದ್ದವಿತ್ತು. ತನ್ನ ಕೈ ತಪ್ಪಿದ ಒಂದೇ ಒಂದು ಕಾರ್ಡು ಹುಡುಕಿಕೊಂಡು ತನ್ನ ಕೈಗೇ ಬಂದಿದೆ. ಇದಕ್ಕಿಂತ ಸ್ಪಷ್ಟವಾಗಿ ದೇವರು ಇನ್ನು ಹೇಗೆ ಮಾತಾಡಬೇಕು?

"ದೇವರು ಇಲ್ಲೇ ಇರು ಅಂದಿದಾನೆ ಕಣೇ" ಎಂದು ತಂಗಿಗೆ ಫೋನ್ ಮಾಡಿ ಹೇಳಿದಳು.

ಆ ಕಡೆಯಿಂದ ಸ್ವಲ್ಪ ಹೊತ್ತು ಉಸಿರಷ್ಟೇ ಕೇಳಿಸಿತು. "ಹಾಗಾ. ದೇವರೇ ಹೇಳಿದ್ಮೇಲೆ ನಾನೇನು ಹೇಳ್ಲಿ" ಎಂದಳು ಯೊನ್‌ಸಿಲ್.

ಏಪ್ರಿಲಿನಲ್ಲಿ, ಯೊನ್‌ಸಿಲ್ ಎರಡು ದಿನದಿಂದ ಬಾಗಿಲು ತೆಗೆಯಲಿಲ್ಲವೆಂದು ಮನೆಯೊಡತಿ ಬೀಗ ಒಡೆಸಿದಳು. ಒಲೆಯ ಮೇಲಿನ ಪಾತ್ರೆಯಲ್ಲಿ ಅಕ್ಕಿ ನೆನೆಹಾಕಿತ್ತಂತೆ. ಒಕ್‌ಬುನ್ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಂತರದ ದಿನಗಳಲ್ಲಿ ಯಾರಾದರೂ ಕೇಳಿದರೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ದೇವರು ಕಳಿಸಲಿಲ್ಲ." ಹೇಳುವಾಗ ಮನಸ್ಸಿನಲ್ಲಿ ಕನ್ನಡಿಯ ಚೌಕಟ್ಟಿನ ಕಾರ್ಡನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆ ಕಾರ್ಡು ಇಲ್ಲದಿದ್ದರೆ ನೆನೆಹಾಕಿದ ಆ ಅಕ್ಕಿಯ ಎದುರು ಅವಳು ಒಂದು ದಿನವೂ ನಿಲ್ಲಲಾರಳು.

ಈ ಸಲದ ಡಿಸೆಂಬರ್ ಕೊನೆಯ ವಾರ ಬೊಂಗ್ ಒಂದು ಭುಜವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದ. ಹಿಮದ ಮೇಲೆ ಜಾರಿ ಬಿದ್ದಿದ್ದ.

"ಅಕ್ಕೋರೆ, ನಿಮ್ಮ ಅಯ್ಯನವರು ಫೋನ್ ಮಾಡಿದ್ರು. ನೂರ ಎಂಬತ್ತು ಕಾರ್ಡಿನ ಜೊತೆ ಇನ್ನೊಂದು ಬಿಡಿ ಕಾರ್ಡು ಬೇಕಂತೆ. ಅಚ್ಚು ಹಾಕಿಟ್ಟಿದೀನಿ. ಈ ಕೈಯಲ್ಲಿ ಕತ್ತಿ ಎಳೆಯೋಕಾಗಲ್ಲ, ಅದನ್ನೂ ನೀವೇ ಮಾಡ್ಬಿಡಿ."

"ಒಂದನ್ನ ಮಾತ್ರ ಬೇರೆ ಯಾಕೆ?"

"ಉದ್ದ ಒಂದು ಮಿಲಿಮೀಟರ್ ಜಾಸ್ತಿ ಇರ್ಬೇಕು. ಹೋದ್ಸಲದ ಹಾಗೇ."

"ಯಾವ ಹೋದ್ಸಲ?"

"ಮೂರು ವರ್ಷ ಆಯ್ತೇನೋ. ಕಾರ್ಡೆಲ್ಲ ಕತ್ತರಿಸಿಟ್ಟು ಮಾರನೇ ದಿನ ನೀವು ಹಲ್ಲು ಕೀಳಿಸ್ಕೊಂಡು, ಕೆನ್ನೆ ಊದಿಸ್ಕೊಂಡು ಮನೇಲಿ ಮಲಗಿದ್ರಲ್ಲ, ಆವಾಗ. ನಾನೇ ಕತ್ತರಿಸಿ ಕಟ್ಟಿನೊಳಗೆ ಸೇರಿಸಿಟ್ಟೆ. ಬುಟ್ಟಿಗೆ ಸುರಿಯೋದು ಅವರ ಹೆಂಡತಿ, ಅಮ್ಮನವರಂತೆ, ಅವರಿಗೆ ಗೊತ್ತಾಗಬಾರದಂತೆ, ಆದ್ರೆ ಅಯ್ಯನವರ ಬೆರಳಿಗೆ ಮಾತ್ರ ಸಿಗ್ಬೇಕಂತೆ. ಯಾಕೆ, ನಿಮ್ಮ ದೇವರಿಗೆ ಕಣ್ಣು ಮಂಜಾಗಿದೆಯಾ, ತಡವಿ ನೋಡ್ಬೇಕಾ ಅಂತ ತಮಾಷೆ ಮಾಡ್ದೆ. ಅವರು ನಗ್ಲಿಲ್ಲ." ಬೊಂಗ್ ತಾನೇ ನಕ್ಕ. ಅವನು ದೇವರನ್ನು ನಂಬುವವನಲ್ಲ. ತಾನು ಈಗ ಹೇಳಿದ್ದು ಏನೆಂದು ಅವನಿಗೆ ತಿಳಿದಿರಲಿಲ್ಲ.

ಒಕ್‌ಬುನ್ ಅಚ್ಚಾದ ಹಾಳೆಯನ್ನು ತಿರುಗಿಸಿ ನೋಡಿದಳು. ಅದೇ ವಾಕ್ಯ. ಇರುವ ನೆಲದಲ್ಲೇ ನಿಲ್ಲು.

ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದವಳು ಅನ್ನದ ಮುಚ್ಚಳವನ್ನೇ ತೆಗೆಯಲಿಲ್ಲ. ಏಪ್ರನ್ ಜೇಬಿನಿಂದ ಅಳತೆಪಟ್ಟಿ ತೆಗೆದು ಕನ್ನಡಿಯ ಕಾರ್ಡಿನ ಮೇಲಿಟ್ಟಳು. ಎರಡು ಸಲ ನೋಡಿದಳು, ಮೂರನೆಯ ಸಲವೂ ನೋಡಿದಳು. ಅಂಚಿನ ಕೆಳತುದಿಯಲ್ಲಿ ಸಣ್ಣ ಎಳೆಯಷ್ಟು ತರಚು. ಕತ್ತಿಯನ್ನು ಕೊನೆಯಲ್ಲಿ ಜಗ್ಗಿ ಇಳಿಸುವ ಕೆಟ್ಟ ಅಭ್ಯಾಸ ಬೊಂಗ್‌ನದು, ಅವಳದಲ್ಲ. ಮೂರು ವರ್ಷ ದಿನವೂ ತಲೆ ಬಾಚುವಾಗ ಕಂಡಿದ್ದ ಅಂಚು. ತನ್ನ ತಪ್ಪೆಂದು ನಾಚಿಕೊಂಡು, ಆ ನಾಚಿಕೆಯನ್ನೇ ದೇವರು ಆಶೀರ್ವಾದ ಮಾಡಿದನೆಂದು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದ್ದಳು. ಆ ದಿನ ವೇದಿಕೆಯ ಮೇಲೆ ಗಿಲ್ ಅಯ್ಯನವರು ತಲೆ ತಗ್ಗಿಸಿ ಕೂತಿದ್ದರು. ವಿನಯವೆಂದುಕೊಂಡಿದ್ದಳು.

ಮರುದಿನ ಕೆಲಸಕ್ಕೆ ಮೊದಲು ಸಭೆಗೆ ಹೋದಳು. ಅಯ್ಯನವರ ಕೋಣೆಯಲ್ಲಿ ಸೀಮೆಎಣ್ಣೆ ಒಲೆಯ ಮೇಲೆ ಬಾರ್ಲಿ ನೀರಿನ ಕೆಟಲು ಕುದಿಯುತ್ತಿತ್ತು. ಅವರು ತಾವೇ ಲೋಟಕ್ಕೆ ಬಗ್ಗಿಸಿಕೊಟ್ಟರು.

"ಅಯ್ಯನವರೇ, ಒಂದು ಕೇಳ್ಬೇಕು. ತಪ್ಪಾಗಿದ್ರೆ ಬೈಯಿರಿ" ಎಂದು ಹಳೆಯ ಕಾರ್ಡು, ಕತ್ತರಿಸದ ಹೊಸ ಹಾಳೆ, ಅಳತೆಪಟ್ಟಿ, ಮೂರನ್ನೂ ಮೇಜಿನ ಮೇಲಿಟ್ಟಳು.

ಅವರು ಕಾರ್ಡುಗಳ ಕಡೆ ನೋಡಲಿಲ್ಲ. ಅಳತೆಪಟ್ಟಿಯನ್ನೇ ಬಹಳ ಹೊತ್ತು ನೋಡಿದರು.

"ಬೊಂಗ್ ಹೇಳಿದನಾ?"

"ಹೇಳಬಾರದ ಮಾತು ಅಂತ ಅವನಿಗೆ ಗೊತ್ತೇ ಇಲ್ಲ."

"ಒಕ್‌ಬುನಮ್ಮ, ನಾನು ಆಟಕ್ಕೆ ಮಾಡಿದ್ದಲ್ಲ. ಮೂರು ದಿನ ಉಪವಾಸ ಇದ್ದು ಪ್ರಾರ್ಥನೆ ಮಾಡ್ದೆ. ನೀವು ಹೋದ್ರೆ ಅಡುಗೆಮನೆ ನಿಲ್ಲುತ್ತೆ, ವಾರಕ್ಕೊಂದು ದಿನ ಬಿಸಿ ಊಟ ಕಾಣೋ ಮುದುಕರಿಗೆ ಅದೂ ಇಲ್ದೆ ಹೋಗುತ್ತೆ. ನೀವು ಇರ್ಬೇಕು ಅಂತ ನನಗೆ ಸ್ಪಷ್ಟವಾಗಿ ತೋರಿತು."

"ನನಗೆ ತೋರಲಿಲ್ಲವಲ್ಲ."

"ಕಾರ್ಡಲ್ಲಿ ತೋರಿತಲ್ಲ."

"ಅದು ನಿಮ್ಮ ಕೈಯಿಂದ ಬಂದಿದ್ದು."

"ನನ್ನ ಕೈ ಯಾರ ಕೈಯಲ್ಲಿದೆ?" ಅವರ ದನಿಯಲ್ಲಿ ಪಾಠ ಹೇಳುವಾಗಿನ ತಾಳ್ಮೆ ಬಂತು. "ನಾನು ಕಲಿಸಿದ್ದನ್ನ ಮರೆತ್ರಾ? ಆ ಕಾರ್ಡು ನಿಮಗೇ ಸಿಗುತ್ತೆ ಅಂತ ಅವನಿಗೆ ಜಗತ್ತು ಹುಟ್ಟೋಕೆ ಮೊದಲೇ ಗೊತ್ತಿತ್ತು. ಬೊಂಗ್‌ನ ಕತ್ತಿ, ನನ್ನ ಬೆರಳು, ನಿಮ್ಮ ಹಲ್ಲುನೋವು, ಎಲ್ಲಾ ಗೊತ್ತಿತ್ತು. ಬೇಡ ಅನ್ನಿಸಿದ್ರೆ ತಪ್ಪಿಸ್ತಿದ್ದ. ತಪ್ಪಿಸಲಿಲ್ಲ. ಅಂದ್ಮೇಲೆ ಅದು ಅವನ ಮಾತೇ."

ಒಕ್‌ಬುನ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಅವರು ಕಲಿತವರು, ತಾನು ಸಂಜೆಯ ತರಗತಿಯವಳು. ಅವರು ಹೇಳಿದ್ದರಲ್ಲಿ ಎಲ್ಲಿ ತಪ್ಪಿದೆಯೆಂದು ತೋರಿಸಲು ಅವಳಿಗೆ ಬಾರದು. ತಪ್ಪಿಲ್ಲದೆಯೂ ಇರಬಹುದು. ಆ ಮಾತನ್ನು ಒಪ್ಪಿಕೊಂಡರೆ ಕಾರ್ಡನ್ನು ಮತ್ತೆ ಕನ್ನಡಿಗೆ ಸಿಕ್ಕಿಸಬಹುದು, ದೇವರು ಕಳಿಸಲಿಲ್ಲ ಎಂದು ಮತ್ತೆ ಹೇಳಬಹುದು, ಇಂದು ಮಧ್ಯಾಹ್ನ ಊಟ ಗಂಟಲಲ್ಲಿ ಇಳಿಯಬಹುದು. ಹಾಗೆ ಒಪ್ಪಿಬಿಡಲು ಎಷ್ಟು ಆಸೆಯಾಯಿತೆಂದರೆ ಅವಳಿಗೇ ಭಯವಾಯಿತು.

"ಹಾಗಿದ್ರೆ ಅಯ್ಯನವರೇ" ಎಂದಳು ಮೆಲ್ಲಗೆ, "ಒಂದು ಮಿಲಿಮೀಟರ್ ಯಾಕೆ ಬೇಕಾಯ್ತು?"

ಕೆಟಲಿನ ಮುಚ್ಚಳ ಕುಣಿಯುತ್ತಿತ್ತು. ಇಬ್ಬರೂ ಏಳಲಿಲ್ಲ.

"ಇರಿ ಅಂತ ನೀವೇ ನನಗೆ ಹೇಳ್ಬಹುದಿತ್ತು."

"ನಾನು ಹೇಳಿದ್ರೆ ನೀವು ಇರ್ತಿರಲಿಲ್ಲ."

"ಇರ್ತಿದ್ನೋ ಏನೋ, ನಿಮ್ಮ ಮಾತು ಯಾವತ್ತು ಮೀರಿದೀನಿ? ಇದ್ದಿದ್ರೆ ಆಮೇಲೆ ಬೈಯೋಕಾದ್ರೂ ನೀವು ಸಿಗ್ತಿದ್ರಿ. ಈಗ ಯಾರನ್ನ ಬೈಲಿ?"

ಗಿಲ್ ಅಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಜವಾಗಿಯೂ ಒದ್ದೆಯಾಗಿತ್ತು. "ನಂದು ತಪ್ಪು ಅಂತಲೇ ಇಟ್ಕೊಳ್ಳಿ. ಆದ್ರೆ ನಿಮ್ಮ ತಂಗಿಯ ಕೊನೆ ದಿನ ದೇವರು ಮೊದಲೇ ಗೊತ್ತು ಮಾಡಿದ್ದು. ನೀವು ಹೋಗಿದ್ರೂ ಒಂದು ದಿನ ಹೆಚ್ಚಾಗ್ತಿರಲಿಲ್ಲ. ಇಷ್ಟನ್ನಾದ್ರೂ ಸಮಾಧಾನ ಅಂತ ತಗೊಳ್ಳಿ."

"ದಿನ ಹೆಚ್ಚು ಮಾಡು ಅಂತ ಅವಳು ಕರೀಲಿಲ್ಲ ಅಯ್ಯನವರೇ. ಗಂಜಿ ಕಾಸಿಕೊಡು ಅಂತ ಕರೆದಿದ್ದು."

ಅವಳು ಎದ್ದು ಮೂರನ್ನೂ ಜೇಬಿಗೆ ಹಾಕಿಕೊಂಡಳು. ಬಾಗಿಲಿನವರೆಗೆ ಹೋದಾಗ ಹಿಂದಿನಿಂದ ಅವರ ದನಿ ಕೇಳಿತು, ತೀರ ತಗ್ಗಿದ ದನಿ.

"ಆ ಹಾಳೆ... ಹೆರಾನ್‌ಗೆ. ಅವಳು ಗಂಡನ ಹಿಂದೆ ಗೊಜೆ ದ್ವೀಪಕ್ಕೆ ಹೊರಟಿದಾಳೆ. ಅವಳು ಹೋದ್ರೆ ಆರ್ಗನ್ ನುಡಿಸೋರು ಯಾರೂ ಇಲ್ಲ. ಕತ್ತರಿಸ್ತೀರಿ ತಾನೇ?"

ಇಷ್ಟು ಹೊತ್ತು ನಡೆದ ಮಾತಿನ ಮೇಲೂ ಕೇಳಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಇವರು ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದೆನಲ್ಲ, ಅದಕ್ಕೇ ಕೇಳುತ್ತಿದ್ದಾರೆ ಎಂದು ಅವಳಿಗೆ ಹೊಳೆಯಿತು.

"ಕತ್ತರಿಸ್ತೀನಿ ಅಯ್ಯನವರೇ" ಎಂದಳು.

ಯಂತ್ರದ ಮುಂದೆ ನಿಂತಾಗ ಬೇರೆ ಯೋಚನೆಗಳೂ ಬಂದವು. ಹಾಳೆಯನ್ನು ಹರಿದುಹಾಕಬಹುದು. ಎದ್ದು ಹೊರಡು ಎನ್ನುವ ವಾಕ್ಯವೊಂದನ್ನು ಬೊಂಗ್‌ನಿಂದ ಅಚ್ಚು ಹಾಕಿಸಿ ಅದನ್ನೇ ಒಂದು ಮಿಲಿಮೀಟರ್ ಉದ್ದ ಕತ್ತರಿಸಬಹುದು. ಹೆರಾನ್‌ಗೆ ಒಳ್ಳೆಯದೇ ಆಗುತ್ತದೆ, ದೇವರಿಗೂ ಮೊದಲೇ ಗೊತ್ತಿರುತ್ತದೆ. ಅಳತೆಪಟ್ಟಿ ಹಿಡಿದ ಕೈ ಅಲ್ಲೇ ನಿಂತಿತು. ಅಯ್ಯನವರೂ ಮೂರು ವರ್ಷದ ಹಿಂದೆ ಇದೇ ಯಂತ್ರವನ್ನು ನೆನೆದು ಹೀಗೇ ಅಂದುಕೊಂಡಿರಬೇಕು. ಹೀಗೇ, ಒಳ್ಳೆಯ ಮನಸ್ಸಿನಿಂದ.

ಅವಳು ಅಳತೆಯನ್ನು ಮೂರು ಸಲ ನೋಡಿ ಆ ಕಾರ್ಡನ್ನು ಉಳಿದ ನೂರ ಎಂಬತ್ತರ ಅಳತೆಗೇ ಕತ್ತರಿಸಿದಳು. ಕೂದಲೆಳೆಯೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. ಕಟ್ಟಿನ ನಡುವೆ ಎಲ್ಲೋ ಸೇರಿಸಿ, ಇಸ್ಪೀಟೆಲೆಯಂತೆ ಕಲಸಿ, ಮತ್ತೆ ಕಲಸಿ, ಕಂದು ಕಾಗದದಲ್ಲಿ ಸುತ್ತಿ ದಾರ ಬಿಗಿದಳು.

ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಅಕ್ಕಿ ಕಡುಬಿನ ತುಂಡುಗಳನ್ನು ಹಾಕಿ ಮಾಡುವ ಹೊಸವರ್ಷದ ಸಾರಿಗೆ ಮೂಳೆಯ ನೀರು ಕುದಿಯುತ್ತಿತ್ತು. ಹೆರಾನ್ ಬೆರಳುಗಳನ್ನು ಆವಿಯ ಮೇಲೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಮೂವತ್ತು ದಾಟಿರದ ಹೆಂಗಸು. ಗಂಡನಿಗೆ ಗೊಜೆಯ ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕು ಆರು ತಿಂಗಳಾಗಿತ್ತು.

"ಒಕ್‌ಬುನಕ್ಕಾ, ನನಗೆ ಹೋಗು ಅನ್ನೋ ವಾಕ್ಯನೇ ಬರ್ಲಿ ಅಂತ ಪ್ರಾರ್ಥನೆ ಮಾಡಿ. ಇರು ಅಂತ ಬಂದ್ರೆ ನಮ್ಮೆಜಮಾನ್ರು ಗೊಜೆಯಿಂದ ಈಜ್ಕೊಂಡೇ ಬಂದು ಬುಟ್ಟಿ ಸುಟ್ಟುಹಾಕ್ತಾರೆ."

"ನಿನಗೇನು ಅನ್ಸುತ್ತೆ?"

"ನನಗಾ? ನನಗೇನಕ್ಕಾ ಅನ್ಸೋದು. ಕಾರ್ಡು ಬರ್ಲಿ."

ಒಕ್‌ಬುನ್ ಸೌಟನ್ನು ಹಾಗೇ ಹಿಡಿದು ನಿಂತಳು. ಮೂರು ವರ್ಷದ ಹಿಂದೆ ತಾನೂ ಇದೇ ಒಲೆಯ ಮುಂದೆ ಇದನ್ನೇ ಹೇಳಿದ್ದಳು.

ಆರಾಧನೆ ಮುಗಿದು ಸಾಲು ಹೊರಟಿತು. ಗಿಲ್ ಅಯ್ಯನವರು ಕಣ್ಣು ಮುಚ್ಚಿ ಕಾರ್ಡು ತೆಗೆಯುವುದು, ಜನ ಎರಡೂ ಕೈಯಲ್ಲಿ ತೆಗೆದುಕೊಂಡು ಬದಿಗೆ ಸರಿದು ಓದುವುದು, ಯಾರೋ ನಗುವುದು, ಯಾರೋ ಕಣ್ಣೊರೆಸಿಕೊಳ್ಳುವುದು, ಎಲ್ಲ ಪ್ರತಿ ವರ್ಷದಂತೆಯೇ ನಡೆಯಿತು. ಹೆರಾನ್ ಬಂದು ನಿಂತಾಗ ಅವರ ಕೈ ಬುಟ್ಟಿಯೊಳಗೆ ಹೋಯಿತು, ಹೊರಗೆ ಬರಲಿಲ್ಲ. ಹೆಬ್ಬೆರಳು ಅಂಚುಗಳ ಮೇಲೆ ಓಡುತ್ತಿರುವುದು ಒಕ್‌ಬುನ್‌ಗೆ ತೋಳಿನ ಅಲುಗಾಟದಲ್ಲೇ ಗೊತ್ತಾಯಿತು. ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. "ಅಯ್ಯನವರು ಇವತ್ತು ಇವಳಿಗೆ ಚೌಕಾಸಿ ಮಾಡ್ತಿದಾರೆ" ಎಂದು ಒಬ್ಬ ಮುದುಕಿ ಪಿಸುಗುಟ್ಟಿದಳು. ಅವರು ಕಣ್ಣು ತೆರೆದರು. ತಲೆಗಳ ಮೇಲಿಂದ ನೇರವಾಗಿ ಒಕ್‌ಬುನ್‌ಳನ್ನು ನೋಡಿದರು. ಅವಳೂ ಕಣ್ಣು ಕೆಳಗಿಳಿಸಲಿಲ್ಲ. ಆಮೇಲೆ ಅವರು ಸಿಕ್ಕಿದ್ದೊಂದನ್ನು ತೆಗೆದುಕೊಟ್ಟರು.

ಕೊನೆಯವಳಾಗಿ ಒಕ್‌ಬುನ್ ಹೋಗಿ ನಿಂತಳು. ಅಯ್ಯನವರು ಕೊಟ್ಟ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬೆನ್ನು ಮೇಲಾಗಿತ್ತು, ಬಿಳಿ. ಅದರಲ್ಲಿ ಏನಿದೆಯೆಂದು ಅವರಿಗೆ ಗೊತ್ತಿಲ್ಲ, ಅವಳಿಗೆ ಗೊತ್ತಿಲ್ಲ. ಇದನ್ನಾದರೂ ನಿಜವಾಗಿ ದೇವರೇ ಕೊಟ್ಟದ್ದೆನ್ನಬಹುದಿತ್ತು. ತಿರುಗಿಸಿದರೆ ಸಾಕಿತ್ತು.

ಅವಳು ತಿರುಗಿಸಲಿಲ್ಲ. ಎದುರು ನಿಂತ ಮುದಿ ಮನುಷ್ಯನ ಮೇಲಿನ ಸಿಟ್ಟು ಯಾಕೋ ಚಿಕ್ಕದಾಗಿ ಕಂಡಿತು. ಅಯ್ಯನವರಿಗೆ ಗೊತ್ತಿದ್ದದ್ದು ಒಂದು ಕಾರ್ಡು ಮಾತ್ರ. ದೇವರಿಗೆ ಏಪ್ರಿಲ್ ಗೊತ್ತಿತ್ತು. ಫೋನಿನ ಆ ಕಡೆಯ ಉಸಿರು ಗೊತ್ತಿತ್ತು, ಪಾತ್ರೆಯಲ್ಲಿ ನೆನೆಯಲಿದ್ದ ಅಕ್ಕಿ ಗೊತ್ತಿತ್ತು, ತಾನು ತಪ್ಪು ಅಂಚಿನ ಕಾಗದವನ್ನು ಎದೆಗೊತ್ತಿಕೊಂಡು ಅವನಿಗೆ ವಂದನೆ ಹೇಳುತ್ತಿದ್ದದ್ದೂ ಗೊತ್ತಿತ್ತು. ಎಲ್ಲ ತಿಳಿದವನು ಒಂದು ಮಾತನ್ನೂ ಆಡಿರಲಿಲ್ಲ.

ಹೊಸ ಕಾರ್ಡನ್ನು ಓದದೆಯೇ ಬುಟ್ಟಿಯಲ್ಲಿಟ್ಟಳು. ಜೇಬಿನಿಂದ ಹಳೆಯದನ್ನು ತೆಗೆದು ಅದರ ಮೇಲಿಟ್ಟಳು.

"ಒಕ್‌ಬುನಮ್ಮ..." ಎಂದರು ಅಯ್ಯನವರು.

"ಅವನಿಗೆ ಗೊತ್ತಿದೆಯಲ್ಲ. ಅವನೇ ಇಟ್ಕೊಳ್ಲಿ" ಎಂದು ಹೇಳಿ ಅಡುಗೆಮನೆಗೆ ನಡೆದಳು. ಸಾರು ತಳ ಹಿಡಿಯುವ ಹೊತ್ತಾಗಿತ್ತು, ಮುದುಕರು ಕಾಯುತ್ತಿದ್ದರು.

ಹೆರಾನ್ ಕಾರ್ಡು ಹಿಡಿದು ಹಿಂದೆಯೇ ಬಂದಳು. "ಅಕ್ಕಾ, ನನಗೆ ಏನು ಬಂತು ಗೊತ್ತಾ? ಹೋಗು ಅಂತಾನೂ ಅಲ್ಲ, ಇರು ಅಂತಾನೂ ಅಲ್ಲ. ನಾಲಿಗೆ ಬಿಗಿ ಹಿಡಿ ಅಂತ ಬಂದಿದೆ. ಇದರಲ್ಲಿ ನಾನೇನು ಅಂತ ತಿಳ್ಕೊಳ್ಲಿ?"

"ಅದನ್ನ ಕೇಳ್ಬೇಡ. ನಿನಗೇನು ಬೇಕೋ ಅದನ್ನ ಗಂಡನ ಹತ್ರ ನಿನ್ನ ಬಾಯಲ್ಲೇ ಹೇಳು. ಹೋಗೋದಾದ್ರೂ ಸರಿ, ಇರೋದಾದ್ರೂ ಸರಿ."

"ಅಯ್ಯೋ, ನೀವೇ ಹೀಗಂದ್ರೆ? ನಿಮಗೆ ಆ ಕಾರ್ಡು ಬಂದಾಗ ನೀವೇ ಅಲ್ವಾ ಎದ್ದು ನಿಂತು ಸಾಕ್ಷಿ ಹೇಳಿದ್ದು? ತಂಗಿ ಹತ್ರ ದೇವರು ಕಳಿಸಲಿಲ್ಲ ಅಂತ ಈಗ್ಲೂ ಹೇಳ್ತಿರ್ತೀರಲ್ಲ."

ಒಕ್‌ಬುನ್ ಸೌಟನ್ನು ಕೆಳಗಿಟ್ಟಳು. ಬಟ್ಟಲುಗಳ ಸಾಲು ಮುಂದಿತ್ತು, ಮೊದಲ ಬಟ್ಟಲು ಹಿಡಿದು ಯಾರೋ ಕಾಯುತ್ತಿದ್ದರು. ಕನ್ನಡಿಯ ಚೌಕಟ್ಟಿನ ಖಾಲಿ ಮೂಲೆ ಕಣ್ಣಿಗೆ ಕಟ್ಟಿತು. ಈ ಮಾತನ್ನು ಆಡಿದರೆ ಇನ್ನು ಬೆನ್ನಿಗೆ ಗೋಡೆಯಿಲ್ಲ.

"ನನ್ನ ತಂಗಿ ಕರೆದಳು" ಎಂದಳು. "ನಾನು ಹೋಗಲಿಲ್ಲ."

ಆಮೇಲೆ ಸೌಟು ತೆಗೆದುಕೊಂಡು ಬಡಿಸತೊಡಗಿದಳು.